ಅತ್ತೆಯ ಫೋಟೋ ಇದ್ದ ಪ್ರಕಟಣೆ

ರೇಷ್ಮೆ ಹುಳು, ಬಿತ್ತನೆ ಬೀಜ, ಕುರಿ, ಕುರಿಗೆ ಹಾಕುವ ಮೇವು, ಬಿಡಿ ಹೂವು, ಇವೆಲ್ಲ ಒಂದೇ ಗುಂಪಿಗೆ ಸೇರಿದವು ಎಂದು ನನಗೆ ಗೊತ್ತಾದದ್ದು ಚಿಕ್ಕಬಳ್ಳಾಪುರದ ಒಬ್ಬ ವಕೀಲರ ಕಚೇರಿಯಲ್ಲಿ. ವ್ಯಾಪಾರದ ಹೆಸರು ನೋಂದಾಯಿಸುವವರು ಲೋಕದ ಸರಕನ್ನೆಲ್ಲ ಗುಂಪು ಗುಂಪಾಗಿ ವಿಂಗಡಿಸಿ ಇಟ್ಟಿದ್ದಾರಂತೆ. ಹುಳು ಮೂವತ್ತೊಂದನೆಯ ಗುಂಪು. ಅದೇ ಹುಳು ಕಟ್ಟಿದ ಗೂಡಿನಿಂದ ನೂಲು ತೆಗೆದರೆ ಇಪ್ಪತ್ತಮೂರು, ನೂಲು ಬಟ್ಟೆಯಾದರೆ ಇಪ್ಪತ್ತನಾಲ್ಕು, ಬಟ್ಟೆಯನ್ನು ಸೀರೆ ಮಾಡಿ ಉಟ್ಟರೆ ಇಪ್ಪತ್ತೈದು. ನಾನು ಬಂದ ಕೆಲಸ ಮರೆತು ಆ ಪಟ್ಟಿಯನ್ನೇ ಓದುತ್ತಾ ಕೂತುಬಿಟ್ಟೆ. ವಕೀಲರು ಎರಡು ಸಲ ಕೆಮ್ಮಿದರು.

ಬಂದ ಕೆಲಸ ಏನೆಂದರೆ, ನಮಗೊಂದು ರಿಜಿಸ್ಟರ್ಡ್ ಪತ್ರ ಬಂದಿತ್ತು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಪಕ್ಕದ ಹಳ್ಳಿಯಲ್ಲಿ ನಾನೂ ನಮ್ಮ ಅತ್ತೆಯೂ ಪಾಲುದಾರರಾಗಿ ಒಂದು ಚಾಕಿ ಕೇಂದ್ರ ನಡೆಸುತ್ತೇವೆ. ರೇಷ್ಮೆ ಬೆಳೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಮೊಟ್ಟೆಯೊಡೆದು ಬಂದ ಹುಳು ಕಣ್ಣಿಗೆ ಕಾಣದಷ್ಟು ಸಣ್ಣದು, ಶೀತ ತಡೆಯದು, ಶೆಖೆ ತಡೆಯದು. ಅದನ್ನು ಮೊದಲ ಒಂದು ವಾರ ಹಿಪ್ಪುನೇರಳೆಯ ಎಳೆ ಸೊಪ್ಪು ಸಣ್ಣಗೆ ಕತ್ತರಿಸಿ ಹಾಕಿ ಸಾಕಿ, ಎರಡನೇ ಜ್ವರಕ್ಕೆ ಕೂರಿಸಿ ರೈತರಿಗೆ ಕೊಡುವುದು ನಮ್ಮ ಕೆಲಸ. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಪೊರೆ ಬಿಡುವ ಮುಂಚೆ ತಲೆಯೆತ್ತಿಕೊಂಡು ಒಂದು ದಿನ ಏನೂ ತಿನ್ನದೆ ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆ ಒಂದು ದಿನದಲ್ಲೇ ಹುಳು ನಮ್ಮ ಮನೆ ಬಿಟ್ಟು ರೈತರ ಹುಳು ಮನೆ ಸೇರಿಬಿಡಬೇಕು. ಜ್ವರ ಬಿಟ್ಟು ಎದ್ದ ಮೇಲೆ ಅವು ತಿನ್ನುವ ಸೊಪ್ಪು ನಮ್ಮ ತೋಟದಲ್ಲಿಲ್ಲ, ಅವು ಹರಡಿಕೊಳ್ಳುವಷ್ಟು ಜಾಗವೂ ನಮ್ಮಲ್ಲಿಲ್ಲ.

ಕೇಂದ್ರಕ್ಕೆ ಮಾವನವರು ಇಟ್ಟ ಹೆಸರು ನಮ್ಮ ಮನೆದೇವರದು. ಅವರು ಹೋದ ಮೇಲೂ ಅದೇ ಬೋರ್ಡು ಇತ್ತು. ಗೌರಿಬಿದನೂರು ಕಡೆಯ ಒಬ್ಬ ಬೀಜದ ವ್ಯಾಪಾರಿಗೂ ಅದೇ ಮನೆದೇವರು. ಅವರು ಆ ಹೆಸರನ್ನು ತಮ್ಮ ಗುರುತಾಗಿ ನೋಂದಾಯಿಸಿಕೊಂಡಿದ್ದರು. ಬೀಜವೂ ಮೂವತ್ತೊಂದು, ಹುಳುವೂ ಮೂವತ್ತೊಂದು. ಎರಡು ತಿಂಗಳೊಳಗೆ ಹೆಸರು ಬಿಡಿ ಎಂದು ಅವರ ವಕೀಲರು ಬರೆದಿದ್ದರು.

ನಮ್ಮ ವಕೀಲರು ಒಳ್ಳೆಯ ಮನುಷ್ಯ. ನಿಮ್ಮ ಹೆಸರು ಅವರದಕ್ಕಿಂತ ಹಳೆಯದು, ಹಳೆಯ ರಸೀದಿಗಳಿದ್ದರೆ ಹೋರಾಡಬಹುದು, ಆದರೆ ವರ್ಷಗಟ್ಟಲೆ ಅಲೆಯಬೇಕು ಎಂದು ಇದ್ದದ್ದು ಇದ್ದ ಹಾಗೆ ಹೇಳಿದರು. ಮನೆಗೆ ಬಂದು ಅತ್ತೆಗೆ ಎಲ್ಲ ಒಪ್ಪಿಸಿದೆ. ಅವರು ಸೊಪ್ಪು ಕತ್ತರಿಸುತ್ತಲೇ ಕೇಳಿಸಿಕೊಂಡರು.

“ಅವ್ರೂ ಅದೇ ದೇವ್ರಿಗೇ ಕೈ ಮುಗಿಯೋರು, ನಾವೂ ಅದೇ ದೇವ್ರಿಗೆ. ಕೋರ್ಟಲ್ಲಿ ನಿಂತ್ಕೊಂಡು ಅವ್ನು ನಿಮ್ಮೋನಾ ನಮ್ಮೋನಾ ಅಂತ ಕಿತ್ತಾಡಣಾ? ಬಿಟ್ಟಾಕಮ್ಮ. ಬೇರೆ ಹೆಸ್ರು ನೋಡು.”

ಹೆಸರು ನೋಡುವುದು ಅಷ್ಟು ಸಲೀಸಲ್ಲ ಎಂದು ನಾನಾಗ ಕಲಿತೆ. ಹೊಸ ಹೆಸರು ಇನ್ನೊಬ್ಬರದ್ದಾಗಿದೆಯೇ ಎಂದು ಫೋನಿನಲ್ಲೇ ಹುಡುಕಬಹುದು. ಒಂದೊಂದೇ ದೇವರ ಹೆಸರು ಹಾಕಿ ನೋಡಿದೆ. ಮೂವತ್ತೊಂದನೆಯ ಗುಂಪಿನಲ್ಲಿ ಖಾಲಿ ಇರುವ ದೇವರೇ ಇರಲಿಲ್ಲ. ಒಬ್ಬರು ಕೋಳಿ ಮೇವಿಗೆ ಹೋಗಿದ್ದರು, ಒಬ್ಬರು ದ್ರಾಕ್ಷಿ ಸಸಿಗೆ. ಸರಿ, ಮನೆ ಹಿಂದಿನ ಬೇವಿನ ಮರದ ಹೆಸರಿಡೋಣ, ತಂಪಾಗಿದೆ, ಚೆನ್ನಾಗಿದೆ ಎಂದೆ. ಅತ್ತೆ ನನ್ನ ಮುಖವನ್ನೇ ನೋಡಿದರು.

“ಬಿಕಾಂ ಓದಿದೀಯ ಕಣಮ್ಮ ನೀನು. ಬೇವಿನೆಣ್ಣೆ ಹೊಡೆದ ತೋಟದ ಸೊಪ್ಪು ತಂದು ಹುಳಕ್ಕೆ ಹಾಕ್ತೀಯಾ?”

ಹಾಕುವುದಿಲ್ಲ. ಹಾಕಿದರೆ ಹುಳು ಉಳಿಯುವುದಿಲ್ಲ. ಬೋರ್ಡಿನ ಮೇಲೆ ಬೇವು ಎಂದು ಬರೆದಿದ್ದರೆ ಯಾವ ರೈತ ನಮ್ಮ ಹತ್ತಿರ ಹುಳು ಕೊಳ್ಳುತ್ತಿದ್ದ? ಕೊನೆಗೆ ರಸ್ತೆಯ ತಿರುವಿನಲ್ಲಿರುವ ಎರಡು ಹುಣಸೆ ಮರಗಳು ನಮಗೆ ಹೆಸರು ಕೊಟ್ಟವು. ಬಸ್ಸಿನವರು ಹೇಗೂ ನಮ್ಮ ಸ್ಟಾಪಿಗೆ ಜೋಡಿ ಹುಣಸೆ ಎಂದೇ ಕೂಗುತ್ತಿದ್ದರು. ಆ ಗುಂಪಿನಲ್ಲಿ ಆ ಹೆಸರು ಯಾರ ಕೈಗೂ ಸಿಕ್ಕಿರಲಿಲ್ಲ.

ಆಮೇಲೆ ಶುರುವಾಯಿತು ಕಾಗದದ ಸುತ್ತು. ನನಗೆ ಬೇಸರ ಬರಬೇಕಿತ್ತು, ಬರಲಿಲ್ಲ. ಒಂದು ಹೆಸರು ಎಷ್ಟು ಕಡೆ ಬೇರು ಬಿಟ್ಟಿರುತ್ತದೆ ಎಂದು ಒಂದೊಂದೇ ಕಚೇರಿಯಲ್ಲಿ ಅಗೆದು ನೋಡುವುದೇ ಒಂದು ಕುತೂಹಲವಾಯಿತು. ಮೊದಲು ಛಾಪಾ ಕಾಗದದ ಮೇಲೆ ತಿದ್ದುಪಡಿ ಪತ್ರ ಬರೆಸಬೇಕು. ಆ ಛಾಪಾ ಕಾಗದವನ್ನು ಹಳೆಯ ಹೆಸರಿನಲ್ಲೇ ಕೊಳ್ಳಬೇಕು, ಅದರ ಮೇಲೆಯೇ ಹಳೆಯ ಹೆಸರು ಬಿಡುತ್ತಿದ್ದೇವೆ ಎಂದು ಬರೆಯಬೇಕು. ಅದನ್ನು ತೆಗೆದುಕೊಂಡು ಚಿಕ್ಕಬಳ್ಳಾಪುರದಲ್ಲಿ ಪಾಲುದಾರಿಕೆ ಸಂಸ್ಥೆಗಳನ್ನು ನೋಂದಾಯಿಸುವ ಕಚೇರಿಗೆ ಹೋಗಬೇಕು. ಅವರು ಕೊಟ್ಟ ಪತ್ರ ಹಿಡಿದು ಪ್ಯಾನ್ ಕಾರ್ಡು, ಪ್ಯಾನ್ ಕಾರ್ಡು ಹಿಡಿದು ಬ್ಯಾಂಕು, ನಡುವೆ ರೇಷ್ಮೆ ಇಲಾಖೆ, ಗ್ರಾಮ ಪಂಚಾಯಿತಿ. ಕರೆಂಟಿನ ಕಚೇರಿಗೆ ಹೋದಾಗ ಇನ್ನೊಂದು ವಿಷಯ ಹೊರಬಿತ್ತು. ನಮ್ಮ ಮೀಟರು ಮಾವನವರ ಹೆಸರಿನಲ್ಲೂ ಇರಲಿಲ್ಲ, ಮಾವನವರ ತಂದೆಯ ಹೆಸರಿನಲ್ಲಿತ್ತು. ನನ್ನ ಮದುವೆಗೆ ಎಷ್ಟೋ ಮುಂಚೆ ತೀರಿಕೊಂಡವರು ತಿಂಗಳು ತಿಂಗಳೂ ಬಿಲ್ಲು ಕಟ್ಟುತ್ತಾ ಬಂದಿದ್ದರು. ಅತ್ತೆಗೆ ಹೇಳಿದರೆ, ಬದುಕಿದ್ದಾಗ ಲೈಟ್ ಆರ್ಸಿ ಲೈಟ್ ಆರ್ಸಿ ಅಂತ ಅದೆಷ್ಟು ಬೈತಿದ್ರು ಗೊತ್ತಾ ಎಂದು ನಕ್ಕರು.

ಬ್ಯಾಂಕಿನವರು ಕೊನೆಯಲ್ಲಿ ಒಂದು ಮಾತು ಸೇರಿಸಿದರು. ಹೆಸರು ಬದಲಾದದ್ದನ್ನು ಪತ್ರಿಕೆಯಲ್ಲಿ ಪ್ರಕಟಿಸಿ, ಆ ಪುಟವನ್ನು ತಂದು ಕೊಡಬೇಕು. ವಕೀಲರ ಕಚೇರಿಯಲ್ಲಿ ಒಕ್ಕಣೆ ಸಿದ್ಧವಾಗಿಯೇ ಇತ್ತು, ನಮ್ಮ ಹೆಸರುಗಳನ್ನು ತುಂಬಿಕೊಟ್ಟರು. ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಸದರಿ ಹೆಸರಿನ ಸಂಸ್ಥೆಯು ಇನ್ನು ಮುಂದೆ ಇಂಥ ಹೆಸರಿನಿಂದ ಕರೆಯಲ್ಪಡುವುದು ಎಂದು ನಾಲ್ಕು ಸಾಲು.

ಇಲ್ಲಿ ನಾನೊಂದು ಬುದ್ಧಿವಂತಿಕೆ ಮಾಡಿದೆ. ನಮ್ಮ ಸೀಮೆಯಲ್ಲಿ ರೈತರು ಬೋರ್ಡು ನೋಡಿ ಹುಳು ತರುವುದಿಲ್ಲ, ಕೈ ನೋಡಿ ತರುತ್ತಾರೆ. ಇಂಥವರ ಕೈ ಒಳ್ಳೆಯದು, ಅವರು ಮುಟ್ಟಿ ಕೊಟ್ಟ ಹುಳು ಕೆಡುವುದಿಲ್ಲ ಎಂಬ ನಂಬಿಕೆ. ನಮ್ಮ ಅತ್ತೆಯ ಕೈಗೆ ಆ ಹೆಸರಿದೆ. ಹಳೆಯ ಬೋರ್ಡು ಹೋದರೆ ಕೈಯೂ ಬದಲಾಯಿತೇನೋ, ಕೇಂದ್ರ ಮಾರಿಬಿಟ್ಟರೇನೋ ಎಂದು ಜನ ಅಂದುಕೊಂಡರೆ? ಅದಕ್ಕೇ ಪ್ರಕಟಣೆಯ ಜೊತೆ ಅತ್ತೆಯ ಫೋಟೋ ಹಾಕಿಸಿದೆ. ಚಿಂತಾಮಣಿ ಬಸ್ ನಿಲ್ದಾಣದ ಹತ್ತಿರದ ಪತ್ರಿಕೆ ಏಜೆಂಟರಿಗೆ ಫೋಟೋ ಕೊಟ್ಟಾಗ ಅವರು ಒಂದು ಸಲ ನನ್ನನ್ನು ನೋಡಿದರು, ಒಂದು ಸಲ ಫೋಟೋ ನೋಡಿದರು, ಏನೂ ಕೇಳಲಿಲ್ಲ. ಅತ್ತೆ ಹಣೆ ತುಂಬ ಕುಂಕುಮವಿಟ್ಟುಕೊಂಡು ಗಂಭೀರವಾಗಿದ್ದ ಫೋಟೋ ಅದು. ಮಾವನವರು ಇದ್ದಾಗ ತೆಗೆಸಿದ್ದು. ಅದಕ್ಕಿಂತ ಚೆನ್ನಾಗಿ ಬಂದಿದ್ದು ಬೇರೆ ಇರಲಿಲ್ಲ.

ಪ್ರಕಟಣೆ ಬಂದ ದಿನ ನಮ್ಮ ಹುಳು ಒಂದನೇ ಜ್ವರ ಎದ್ದು ಚೆನ್ನಾಗಿ ಸೊಪ್ಪು ತಿನ್ನುತ್ತಿದ್ದವು. ಕಪ್ಪು ಗೆರೆಯ ಚೌಕಟ್ಟಿನೊಳಗೆ ಅತ್ತೆಯ ಫೋಟೋ, ಕೆಳಗೆ ಸಣ್ಣಕ್ಷರದಲ್ಲಿ ನಾಲ್ಕು ಸಾಲು. ನನಗೆ ಬಹಳ ಮೆಚ್ಚುಗೆಯಾಯಿತು. ಪುಟ ಕತ್ತರಿಸಿ ಬ್ಯಾಂಕಿನ ಕಡತಕ್ಕೆ ಸೇರಿಸಿದೆ.

ಮಾರನೆಯ ದಿನ ಫೋನು ಬರಲಿಲ್ಲ.

ಚಾಕಿ ಕೇಂದ್ರ ನಡೆಸುವವರಿಗೆ ಇದು ಎಂಥ ವಿಚಿತ್ರ ಎಂದು ಗೊತ್ತು. ಹುಳು ಸಾಗಿಸುವ ಮುಂಚಿನ ಎರಡು ಮೂರು ದಿನ ನಮಗೆ ಊಟಕ್ಕೆ ಕೂರಲು ಬಿಡುವುದಿಲ್ಲ ರೈತರು. ಹುಳ ಹೆಂಗಿವೆ, ಜ್ವರಕ್ಕೆ ಕೂತವಾ, ಗಾಡಿ ಎಷ್ಟೊತ್ತಿಗೆ ತರ್ಲಿ ಎಂದು ಒಂದೇ ಸಮ ಕೇಳುತ್ತಾರೆ. ಆ ಸಲ ಹದಿನಾಲ್ಕು ಜನ ಹುಳಕ್ಕೆ ಹೇಳಿದ್ದರು, ಒಬ್ಬರೂ ಮಾತಾಡಲಿಲ್ಲ. ಸಂಜೆ ಒಬ್ಬರಿಗೆ ನಾನೇ ಮಾಡಿದೆ. ಅವರು ತಗ್ಗಿದ ದನಿಯಲ್ಲಿ, ಆಗ್ಲಮ್ಮ, ನೀವು ನಿಧಾನಕ್ಕೆ ನೋಡ್ಕೊಳಿ, ನಮ್ಮ ಬಗ್ಗೆ ಯೋಚನೆ ಮಾಡ್ಬೇಡಿ ಎಂದು ಇಟ್ಟುಬಿಟ್ಟರು. ಇನ್ನೊಬ್ಬರ ಮನೆಯಲ್ಲಿ ಯಾರೋ ಹೆಂಗಸು ಎತ್ತಿಕೊಂಡು, ಧೈರ್ಯ ತಗೊಳಿ ಎಂದರು. ಹೊಸ ಹೆಸರು ಇಟ್ಟಿದ್ದಕ್ಕೆ ಧೈರ್ಯ ಯಾಕೆ ಬೇಕು ಎಂದು ನನಗೆ ಅರ್ಥವಾಗಲಿಲ್ಲ. ಬೀಜದ ವ್ಯಾಪಾರಿಯ ಪತ್ರದ ಸುದ್ದಿ ಹರಡಿರಬೇಕು, ಕೇಸಿಗೆ ಹೆದರಿದ್ದಾರೆ ಎಂದುಕೊಂಡೆ. ಅತ್ತೆಗೆ ಹೇಳಲಿಲ್ಲ. ಹುಳು ಜ್ವರಕ್ಕೆ ಕೂರುವ ಹೊತ್ತಿನಲ್ಲಿ ಅವರು ಬೇರೆ ಮಾತಿಗೆ ಕಿವಿ ಕೊಡುವುದಿಲ್ಲ.

ಅದರ ಮಾರನೆಯ ಬೆಳಿಗ್ಗೆ ಹುಳು ಒಂದೊಂದಾಗಿ ತಲೆಯೆತ್ತಿ ಕೂರತೊಡಗಿದವು. ಮಿಕ್ಕ ಸೊಪ್ಪು ಒಣಗಲೆಂದು ಅತ್ತೆ ಒಳಗೆ ಟ್ರೇಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದರು. ಅದನ್ನು ಉದುರಿಸಿದರೆಂದರೆ ಗಡಿಯಾರ ಶುರುವಾದಂತೆ. ಮರುದಿನ ಬೆಳಿಗ್ಗೆ ಸಾಗಿಸಲೇಬೇಕು. ತೆಗೆದುಕೊಂಡು ಹೋಗುವವರು ಬರುತ್ತಾರೋ ಇಲ್ಲವೋ ಎಂದು ನಾನು ರಸ್ತೆಯ ಕಡೆಗೇ ನೋಡುತ್ತಿದ್ದೆ. ಅಷ್ಟು ಟ್ರೇ ಹುಳು ಸತ್ತರೆ ಬರೀ ನಷ್ಟವಲ್ಲ, ಅತ್ತೆಯ ಕೈಯಲ್ಲಿ ಅಂಥದ್ದು ಒಮ್ಮೆಯೂ ಆಗಿರಲಿಲ್ಲ.

ಆಗ ಗೇಟಿನ ಹೊರಗೆ ಒಬ್ಬರು ಬಂದು ನಿಂತರು. ಕೆಂಚಾರ್ಲಹಳ್ಳಿ ಕಡೆಯ ಯಜಮಾನರು, ಮಾವನವರ ಕಾಲದಿಂದ ನಮ್ಮಲ್ಲೇ ಹುಳು ಒಯ್ಯುವವರು. ಬಸ್ಸಿಳಿದು ನಡೆದು ಬಂದಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ, ಟವೆಲನ್ನು ಕೈಯಲ್ಲಿ ಹಿಡಿದು ನಿಂತಲ್ಲೇ ನಿಂತರು. ಆಮೇಲೆ ನಿಧಾನವಾಗಿ ಕೇಳಿದರು.

“ಯಾವಾಗಾಯ್ತಮ್ಮ?”

ಹೆಸರಿನ ವಿಷಯ ಎಂದುಕೊಂಡು ನಾನು, ಪೇಪರಿನಲ್ಲಿ ಬಂತಲ್ಲ, ಅದಕ್ಕೆ ಒಂದು ವಾರ ಮುಂಚೆ ಎಲ್ಲ ಮುಗಿಯಿತು ಎಂದೆ. ಅವರು ತಲೆಯಾಡಿಸಿದರು. ಕಷ್ಟ ಪಟ್ಟರಾ ಎಂದರು. ಬಹಳ ಓಡಾಡಬೇಕಾಯಿತು, ಚಿಕ್ಕಬಳ್ಳಾಪುರಕ್ಕೇ ಐದಾರು ಸಲ ಹೋದೆ ಎಂದೆ. ಆಸ್ಪತ್ರೆಗಾ ಎಂದರು.

ಅಷ್ಟರಲ್ಲಿ ಯಾರೋ ಬಂದ ಸದ್ದು ಕೇಳಿ ಅತ್ತೆ ಬಾಗಿಲಿಗೆ ಬಂದರು. ಮೊಣಕೈವರೆಗೂ ಸುಣ್ಣ, ಮೂಗಿನ ಮೇಲೂ ಸುಣ್ಣ. ಯಜಮಾನರು ಗೇಟಿನ ಕಂಬಿ ಹಿಡಿದುಕೊಂಡರು. ಬಾಯಿಂದ ತೆಲುಗು ಬಂತು, ಅವರ ಮನೆ ಮಾತು ಅದೇ. “ಅಮ್ಮಾ, ನುವ್ವುನ್ನಾವಾ?”

“ಇದೀನಲ್ಲ ನಾಯನಾ, ಎಲ್ಲಿಗೋಗ್ಲಿ ಜ್ವರಕ್ಕೆ ಕೂತಿರೋ ಹುಳ ಬಿಟ್ಟು,” ಎಂದರು ಅತ್ತೆ.

ಯಜಮಾನರು ಫೋನು ತೆಗೆದು ತೋರಿಸಿದರು. ನಮ್ಮ ಪ್ರಕಟಣೆಯನ್ನು ಯಾರೋ ಫೋಟೋ ತೆಗೆದು ರೈತರ ಗುಂಪಿನಲ್ಲಿ ಹಾಕಿದ್ದರು. ಅದು ಒಬ್ಬರಿಂದ ಒಬ್ಬರಿಗೆ ಹೋಗಿ ಹೋಗಿ, ಸಣ್ಣಕ್ಷರ ಒಂದೂ ಓದಲು ಬಾರದಂತಾಗಿತ್ತು. ಉಳಿದದ್ದು ಕಪ್ಪು ಚೌಕಟ್ಟು, ಅದರೊಳಗೆ ಅತ್ತೆ. ಪಕ್ಕದ ಕಾಲಮ್ಮಿನಲ್ಲಿ ಬೇರೆ ಯಾರದೋ ಶ್ರದ್ಧಾಂಜಲಿ ಅರ್ಧ ಕಾಣುತ್ತಿತ್ತು. ಕೆಳಗೆ ಕೈ ಮುಗಿದ ಗುರುತುಗಳ ಸಾಲೇ ಸಾಲು.

ಆಗ ನನಗೆ ಎರಡು ದಿನದ ಮೌನ ಅರ್ಥವಾಯಿತು. ಸಾವಿನ ಮನೆಗೆ ಫೋನು ಮಾಡಿ ಹುಳ ರೆಡೀನಾ ಎಂದು ಯಾರು ಕೇಳುತ್ತಾರೆ? ಬಂದು ಮಾತಾಡಿಸಿಕೊಂಡು ಹೋಗೋಣವೆಂದರೆ ಅದೂ ಆಗದು. ಎಲ್ಲರೂ ಹುಳು ಮನೆ ತೊಳೆದು, ಔಷಧಿ ಹೊಡೆದು, ಮಡಿಯಲ್ಲಿ ಇಟ್ಟುಕೊಂಡಿರುತ್ತಾರೆ. ಸೂತಕದ ಮನೆ ಮೆಟ್ಟಿ ಹೋದವರು ಆ ಬೆಳೆ ಮುಗಿಯುವ ತನಕ ಹುಳು ಮುಟ್ಟುವಂತಿಲ್ಲ. ಸೂತಕದ ಮನೆಯ ಹುಳುವನ್ನು ಒಯ್ಯುವುದಂತೂ ದೂರವೇ ಉಳಿಯಿತು. ಹಾಗಾಗಿ ಹದಿಮೂರು ಜನ ಮರ್ಯಾದೆಯಿಂದ ಸುಮ್ಮನಿದ್ದರು.

ಹಾಗಾದರೆ ಇವರು ಹೇಗೆ ಬಂದರು? ಅತ್ತೆಯೇ ಕೇಳಿದರು. ನೀವು ಮನೆ ತೊಳೆದಿಲ್ಲವಾ, ಈ ಸಲ ಹುಳ ಬೇಡವಾ?

ಯಜಮಾನರು ನೆಲ ನೋಡುತ್ತಾ ಹೇಳಿದರು. “ತೊಳ್ದಿಟ್ಟಿದೀನಿ ತಾಯಿ. ಈ ಒಂದು ಬೆಳೆ ಹೋದ್ರೆ ಹೋಗ್ಲಿ, ಇಷ್ಟು ವರ್ಷ ಅನ್ನ ಕೊಟ್ಟ ಕೈ, ಒಂದು ಸಲ ಬಂದು ಹೋಗ್ದಿದ್ರೆ ಹೆಂಗೆ ಅಂತ ಬಂದೆ.”

ಅತ್ತೆ ಒಳಗೆ ಹೋದರು. ಮುಖ ತೊಳೆದುಕೊಂಡು ಬಂದು, ಫೋಟೋ ಹಾಕಿಸಿದ್ದು ಯಾರು ಎಂದು ನನ್ನನ್ನು ಕೇಳಿದರು. ನಾನು ಎಂದೆ. “ಮದ್ವೆ ಫೋಟೋ ಹಾಕ್ಸಿದ್ರೆ ಮದ್ವೆ ಅಂತ ಅಂದ್ಕೊಂಡು ಉಡುಗೊರೆನಾದ್ರೂ ತರೋರು,” ಎಂದರು. ಅವರು ಗದರಿದ್ದು ಅಷ್ಟೇ. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು.

ಆದರೆ ಹುಳು ಕಾಯುವುದಿಲ್ಲ. ವಕೀಲರಿಗೆ ಫೋನು ಮಾಡಿದೆ. ತಿದ್ದುಪಡಿ ಪ್ರಕಟಣೆ ಕೊಡಬಹುದು, ನಾಳಿದ್ದು ಬರುತ್ತದೆ ಎಂದರು. ನಾಳಿದ್ದಿಗೆ ಹುಳು ಜ್ವರ ಎದ್ದು ಹಸಿದಿರುತ್ತವೆ. ಅತ್ತೆಯ ದನಿ ರೆಕಾರ್ಡು ಮಾಡಿ ಅದೇ ಗುಂಪಿಗೆ ಕಳಿಸಿದೆ. ಬದುಕಿದ್ದಾಗಿನ ಹಳೆಯ ದನಿಯನ್ನು ಯಾರೋ ಈಗ ಹಾಕಿದ್ದಾರೆ ಎಂದುಕೊಂಡು ಕೆಲವರು ಮತ್ತೆ ಕೈ ಮುಗಿದರು. ಒಬ್ಬೊಬ್ಬರಿಗೂ ಅತ್ತೆಯೇ ಮಾತಾಡಲು ಕೂತರು. ಎಂಟು ಜನ ಸಿಕ್ಕರು. ಸಿಕ್ಕವರಿಗೂ ಒಳಗೊಳಗೇ ಅನುಮಾನ. ಕಣ್ಣಾರೆ ನೋಡದೆ ಹುಳು ಮನೆಗೆ ಬಿಟ್ಟುಕೊಳ್ಳುವುದು ಹೇಗೆ? ಒಬ್ಬಾಕೆ ಬಾಯಿಬಿಟ್ಟೇ ಹೇಳಿದಳು, ಅಕ್ಕಾ ನೀವೇ ಅಂತ ಗೊತ್ತಾಗ್ತಿದೆ, ಆದ್ರೂ ನಮ್ಮತ್ತೆ ಒಪ್ಪಲ್ಲ.

“ಅವ್ರು ಬರೋದ್ ಬೇಡ,” ಎಂದು ಅತ್ತೆ ಫೋನು ಕೆಳಗಿಟ್ಟರು. “ನಾವೇ ಹೋಗಣ. ನಾಳೆ ಬೆಳಿಗ್ಗೆ ಗಾಡಿ ಹೇಳು.”

ಅತ್ತೆ ಹುಳು ಸಾಗಿಸಲು ಹೋದವರೇ ಅಲ್ಲ. ಬೇರೆಯವರ ಹುಳು ಮನೆಯ ಸೋಂಕು ನಮ್ಮಲ್ಲಿಗೆ ಬಂದೀತು ಎಂದು ಅವರು ಯಾವ ರೈತರ ಮನೆಗೂ ಕಾಲಿಡುತ್ತಿರಲಿಲ್ಲ. ಆ ದಿನ ಬೆಳಗಿನ ತಂಪಿನಲ್ಲಿ ಟ್ರೇಗಳನ್ನು ತುಂಬಿ, ಮೇಲೆ ಪೇಪರು ಹೊದಿಸಿ, ಡ್ರೈವರನ ಪಕ್ಕದಲ್ಲಿ ಅವರು ಕೂತರು, ಅವರ ಪಕ್ಕ ನಾನು. ಗೌರಿಬಿದನೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಮನೆಯವರು ರಜೆ ಹಾಕಿ, ಮಿಕ್ಕು ವಾಪಸು ಬಂದ ಹುಳುವಿಗೆ ಒಂದು ಹೊತ್ತಿಗಾದರೂ ಆದೀತು ಎಂದು ತೋಟದಲ್ಲಿ ಇದ್ದಷ್ಟು ಸೊಪ್ಪು ಕುಯ್ಯಲು ನಿಂತರು. ನನ್ನ ಮಡಿಲಲ್ಲಿ ಹೊಸ ಹೆಸರಿನ ರಸೀದಿ ಪುಸ್ತಕವಿತ್ತು. ಹೊಸ ಹೆಸರಿನಲ್ಲಿ ನಿಜವಾಗಿ ವ್ಯವಹಾರ ಶುರುವಾಗಿದೆ ಎನ್ನಲು ಮೊದಲ ರಸೀದಿಗಳ ನಕಲು ಬೇಕು ಎಂದು ವಕೀಲರು ಹೇಳಿದ್ದರು. ಒಂದಾದರೂ ಹರಿಯುತ್ತದೆಯೋ ಇಲ್ಲವೋ ಎಂದು ನೋಡುತ್ತಾ ಕೂತೆ.

ಮೊದಲನೆಯದು ಕೈವಾರದ ಹತ್ತಿರದ ಮನೆ. ಗಾಡಿ ನಿಂತ ಸದ್ದಿಗೆ ಮುದುಕಿಯೊಬ್ಬರು ಹೊರಗೆ ಬಂದು, ಅತ್ತೆಯನ್ನು ನೋಡಿ, ಹತ್ತಿರ ಬಂದು ತೋಳು ಹಿಸುಕಿ ನೋಡಿದರು. ಆಮೇಲೆ ಅವರಿಬ್ಬರೂ ನಕ್ಕ ನಗುವಿಗೆ ಪಕ್ಕದ ಮನೆಯವರೂ ಬಂದರು. ಆ ಪಕ್ಕದ ಮನೆಯವರು ಇನ್ನಿಬ್ಬರಿಗೆ ಫೋನು ಮಾಡಿದರು, ನಾನು ಕಣ್ಣಲ್ಲಿ ನೋಡ್ದೆ ಎಂದು. ಅಲ್ಲಿಂದ ಮುಂದೆ ಸುದ್ದಿ ನಮ್ಮ ಗಾಡಿಗಿಂತ ಮುಂದೆ ಮುಂದೆ ಹೋಯಿತು. ನಾವು ಹೋಗುವ ಹೊತ್ತಿಗೆ ಜನ ರಸ್ತೆಗೇ ಬಂದು ನಿಂತಿರುತ್ತಿದ್ದರು. ಹುಳು ನೋಡುವ ಮುಂಚೆ ಅತ್ತೆಯನ್ನು ನೋಡುತ್ತಿದ್ದರು. ಒಬ್ಬರು ಫೋಟೋ ಚೆನ್ನಾಗಿದೆ ಎಂದರು.

ಎಲ್ಲರೂ ಸಿಗಲಿಲ್ಲ. ಒಬ್ಬರು ಹಿಂದಿನ ದಿನವೇ ಬೇರೆ ಕಡೆಯಿಂದ ಹುಳು ತಂದುಬಿಟ್ಟಿದ್ದರು. ನಾಚಿಕೊಂಡು ಎದುರಿಗೆ ಬರಲಿಲ್ಲ, ಹೆಂಡತಿಯನ್ನು ಕಳಿಸಿದರು. ಅತ್ತೆ ಆಕೆಯನ್ನು ಏನೂ ಅನ್ನಲಿಲ್ಲ. ತಂದ ಹುಳು ಜ್ವರ ಎದ್ದವಾ, ಎಲ್ಲವೂ ಏಳುವ ತನಕ ಸೊಪ್ಪು ಹಾಕಬೇಡಿ, ಅವಸರ ಮಾಡಿದರೆ ಹಿಂದುಮುಂದಾಗುತ್ತವೆ ಎಂದು ಬೇರೆಯವರ ಹುಳುವಿಗೆ ಬುದ್ಧಿ ಹೇಳಿ ಬಂದರು. ಗಾಡಿಯಲ್ಲಿ ನಾನು ಸಿಡುಕಿದೆ. ಹುಳ ಏನು ಮಾಡ್ತಮ್ಮ ಎಂದರು ಅತ್ತೆ.

ಕೊನೆಯ ಮನೆ ಕೆಂಚಾರ್ಲಹಳ್ಳಿ ಕಡೆಯ ಯಜಮಾನರದು. ಅವರ ಪಾಲಿನ ಟ್ರೇಗಳ ಜೊತೆ ಒಯ್ಯದೆ ಉಳಿದವರ ಟ್ರೇಗಳೂ ಇದ್ದವು. ಬಿಸಿಲು ಏರತೊಡಗಿತ್ತು, ಪೇಪರಿನ ಕೆಳಗೆ ಹುಳು ಒಂದೊಂದೇ ಅಲ್ಲಾಡುತ್ತಿದ್ದವು. ಅಷ್ಟನ್ನೂ ತೆಗೆದುಕೊಳ್ಳುವಿರಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವರೇ ಗಾಡಿಯೊಳಗೆ ಬಗ್ಗಿ ಎಣಿಸಿ, ತೋಟದಲ್ಲಿ ಸೊಪ್ಪಿದೆ, ಇಳಿಸಿ ಎಂದರು. ಸೊಸೆಗೆ ಇನ್ನೊಂದು ತಟ್ಟೆ ಸಾಲು ತೊಳೆಯಲು ಹೇಳಿದರು.

ನಾನು ರಸೀದಿ ಬರೆದೆ. ಅವರು ಕನ್ನಡಕ ಹಾಕಿಕೊಂಡು ಹೊಸ ಹೆಸರನ್ನು ಅಕ್ಷರ ಅಕ್ಷರ ಓದಿದರು. ಆ ಎರಡು ಮರದಲ್ಲಿ ಯಾವುದು ಹಳೆಯದು ಎಂದು ಅತ್ತೆಯನ್ನು ಕೇಳಿದರು. ಅತ್ತೆಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಕೇಳಿ ಹೇಳ್ತೀನಿ ಎಂದರು ಅತ್ತೆ, ಯಾರನ್ನು ಕೇಳುತ್ತಾರೋ.

ಸಹಿ ಮಾಡಿದ ಮೇಲೆ ಯಜಮಾನರು ಹುಳು ಮನೆಯ ಬಾಗಿಲು ತೆರೆದು, ಒಳಗೆ ಬನ್ನಿ ತಾಯಿ ಎಂದರು. ರೇಷ್ಮೆ ಬೆಳೆಯುವವರು ಹೊರಗಿನವರನ್ನು ಅಲ್ಲಿಗೆ ಕರೆಯುವುದನ್ನು ನಾನು ಕಂಡಿರಲಿಲ್ಲ.

“ಹತ್ತು ಮನೆ ಅಂಗಳ ತುಳ್ದು ಬಂದಿದೀನಿ, ಒಳಗೆ ಬರಲ್ಲ,” ಎಂದರು ಅತ್ತೆ. “ನೀವು ಒಳಗೆ ನಿಂತ್ಕೊಳಿ, ನಾನು ಕೊಡ್ತೀನಿ.”

ಹೊಸ್ತಿಲ ಹೊರಗೆ ಅವರು, ಒಳಗೆ ಯಜಮಾನರು. ನಾನು ಗಾಡಿಯಿಂದ ತಂದು ಕೊಟ್ಟ ಟ್ರೇಗಳನ್ನು ಅತ್ತೆ ಒಂದೊಂದಾಗಿ ತಮ್ಮ ಕೈಯಿಂದ ಅವರ ಕೈಗೆ ದಾಟಿಸಿದರು. ಕೊನೆಯದು ದಾಟುವ ಹೊತ್ತಿಗೆ ಮೊದಲ ಟ್ರೇಯ ಹುಳು ಪೂರಾ ಎದ್ದು, ತಲೆಯೆತ್ತಿ ಸೊಪ್ಪು ಹುಡುಕುತ್ತಿದ್ದವು.